ಮನೆಯ ಇಂಟರ್ನೆಟ್ಟನ್ನು ಹುಳುಮನೆಗೂ ತೋಟದ ಮನೆಗೂ ಒಯ್ಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮೈಸೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಊರೊಳಗಿನ ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆ. ಆದರೆ ಕೆಲಸ ನಡೆಯುವ ಜಾಗ ಮನೆಯಲ್ಲ. ರೇಷ್ಮೆ ಹುಳುಮನೆ, ಕೊಟ್ಟಿಗೆ, ಆಲೆಮನೆ, ಪಂಪ್‌ಹೌಸ್, ಮನೆಯಿಂದಲೇ ಕಂಪನಿ ಕೆಲಸ ಮಾಡುವ ಮಕ್ಕಳಿಗೆಂದು ಹಿತ್ತಲಿನಲ್ಲಿ ಕಟ್ಟಿಸಿದ ಕೋಣೆ, ಇವೆಲ್ಲ ಮನೆಯಿಂದ ನೂರು ಅಡಿಯಿಂದ ಸಾವಿರ ಅಡಿಯವರೆಗೆ ಆಚೆ ಇರುತ್ತವೆ. ಅಲ್ಲಿಗೂ ಅದೇ ಸಂಪರ್ಕವನ್ನು ಒಯ್ಯಬೇಕೆಂದು ಹೊರಟ ನೆಂಟರು ಮತ್ತು ಅಕ್ಕಪಕ್ಕದ ರೈತರು ಕಳೆದ ಕೆಲವು ವರ್ಷಗಳಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಮನೆಯ ವೈ-ಫೈ ಅಂಗಳ ದಾಟುವಷ್ಟರಲ್ಲಿ ಏಕೆ ಸೊರಗುತ್ತದೆ?

ರೂಟರಿನ ರೇಡಿಯೋ ಒಂದು ಮನೆಯ ಒಳಗಿನ ಬಳಕೆಗೆಂದು ಮಾಡಿದ್ದು. ಅದರ ಅಲೆಗಳು ಮೊದಲು ಮನೆಯ ಗೋಡೆಯನ್ನು ದಾಟಿ, ಬಯಲಿನಲ್ಲಿ ಹರಡಿ, ಮತ್ತೆ ಹುಳುಮನೆಯ ಗೋಡೆಯನ್ನು ದಾಟಬೇಕು. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ಅಲೆಗಳನ್ನು ಬಹಳಷ್ಟು ಹೀರಿಕೊಳ್ಳುತ್ತದೆ; ಕೊಟ್ಟಿಗೆ ಮತ್ತು ಶೆಡ್ಡುಗಳ ತಗಡಿನ ಹೊದಿಕೆಯಂತೂ ಲೋಹವಾದ್ದರಿಂದ ಅವುಗಳನ್ನು ಕನ್ನಡಿಯಂತೆ ಹಿಂದಕ್ಕೆ ಕಳುಹಿಸುತ್ತದೆ. ಇನ್ನೊಂದು ವಿಷಯವನ್ನು ಹಲವರು ಗಮನಿಸುವುದಿಲ್ಲ. ರೂಟರಿನ ಮಾತು ಫೋನಿಗೆ ಕೇಳಿಸಿದರೆ ಸಾಲದು, ಫೋನಿನ ಉತ್ತರವೂ ರೂಟರನ್ನು ಮುಟ್ಟಬೇಕು, ಮತ್ತು ಫೋನಿನ ದನಿ ರೂಟರಿನದಕ್ಕಿಂತ ಕ್ಷೀಣ. ಸಿಗ್ನಲ್ಲಿನ ಗೆರೆಗಳು ಕಾಣಿಸುತ್ತಿದ್ದರೂ ಏನೂ ತೆರೆದುಕೊಳ್ಳದಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. 2.4 ಗಿಗಾಹರ್ಟ್ಸ್ ಅಲೆಗಳು 5 ಗಿಗಾಹರ್ಟ್ಸಿನವುಗಳಿಗಿಂತ ಗೋಡೆಗಳನ್ನು ಚೆನ್ನಾಗಿ ದಾಟುತ್ತವೆ; ಆದ್ದರಿಂದ ಹತ್ತಿರದ ಕಟ್ಟಡವಾದರೆ ರೂಟರನ್ನು ಅದರ ದಿಕ್ಕಿನ ಕಿಟಕಿಯ ಬಳಿಗೆ ಸರಿಸಿ, 2.4ರಲ್ಲಿ ಒಮ್ಮೆ ಪ್ರಯತ್ನಿಸಿ ನೋಡಿರಿ. ಖರ್ಚಿಲ್ಲದ ಪ್ರಯೋಗ ಇದೊಂದೇ.

ನಡುವೆ ಒಂದು ರಿಪೀಟರ್ ಇಟ್ಟರೆ ಸಾಲದೇ?

ಮೂವತ್ತು ನಲವತ್ತು ಅಡಿ ದೂರದ ಕೋಣೆಗೆ, ಬರೀ ಫೋನಿನಲ್ಲಿ ಸಂದೇಶ ನೋಡುವುದಕ್ಕಾದರೆ ಸಾಕು. ಅದಕ್ಕಿಂತ ಹೆಚ್ಚಿನದಕ್ಕೆ ನಾನು ಸಲಹೆ ಮಾಡುವುದಿಲ್ಲ. ಸಾಮಾನ್ಯ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದೇ ರೇಡಿಯೋದಲ್ಲಿ ಮತ್ತೆ ಹೇಳಬೇಕಾಗಿರುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ, ಸಿಗ್ನಲ್ ಈಗಾಗಲೇ ಸೊರಗಿರುವ ಜಾಗದಲ್ಲಿ ಅದನ್ನು ಇಟ್ಟರೆ ಅದು ಹಂಚುವುದೂ ಆ ಸೊರಗಿದ ಸಂಪರ್ಕವನ್ನೇ.

ಲ್ಯಾನ್ ಕೇಬಲ್ಲನ್ನು ಎಷ್ಟು ದೂರ ಎಳೆಯಬಹುದು?

ತಾಮ್ರದ ಲ್ಯಾನ್ ಕೇಬಲ್, ಅದು ಕ್ಯಾಟ್-5ಇ ಆಗಲಿ ಕ್ಯಾಟ್-6 ಆಗಲಿ, ಒಂದು ತುದಿಯ ಉಪಕರಣದಿಂದ ಇನ್ನೊಂದು ತುದಿಯ ಉಪಕರಣದವರೆಗೆ 100 ಮೀಟರ್, ಅಂದರೆ 328 ಅಡಿ. ಭೂಮಾಪನದ 33 ಅಡಿಯ ಸರಪಳಿಯಲ್ಲಿ ಹೇಳುವುದಾದರೆ ಹತ್ತು ಸರಪಳಿಗೆ ತುಸು ಕಡಿಮೆ. ಈ ಲೆಕ್ಕ ನೇರ ದೂರದ್ದಲ್ಲ, ಕೇಬಲ್ಲಿನ ಉದ್ದದ್ದು. ಗೋಡೆ ಹತ್ತಿ ಇಳಿಯುವುದು, ಬದು ಸುತ್ತಿ ಹೋಗುವುದು ಎಲ್ಲವೂ ಅದರೊಳಗೆ ಸೇರಬೇಕು. ಕಣ್ಣಳತೆಗೆ ಇನ್ನೂರೈವತ್ತು ಅಡಿ ಎನಿಸಿದ ದೂರ ಕೇಬಲ್ ಎಳೆದಾಗ ಮುನ್ನೂರೈವತ್ತಾಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ.

ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಕ್ಯಾಟ್-6 ಸುರುಳಿಗಳಲ್ಲಿ ಅನೇಕವು ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ತಂತಿಯವು. ಎಳೆಯೊಂದನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಅಂಥದನ್ನು ಇಷ್ಟು ದೂರಕ್ಕೆ ಎಳೆಯಬೇಡಿರಿ, ಅದರ ಮೂಲಕ ಕ್ಯಾಮೆರಾಗೆ ವಿದ್ಯುತ್ ಕಳುಹಿಸಲಂತೂ ಬೇಡವೇ ಬೇಡ.

ನಮ್ಮ ಹುಳುಮನೆ ಇನ್ನೂರು ಅಡಿ ದೂರದಲ್ಲೇ ಇದೆ. ಹಾಗಾದರೆ ತಾಮ್ರದ ಕೇಬಲ್ಲೇ ಸಾಕಲ್ಲವೇ?

ದೂರದ ಲೆಕ್ಕದಲ್ಲಿ ಸಾಕು, ಸಿಡಿಲಿನ ಲೆಕ್ಕದಲ್ಲಿ ಸಾಲದು. ಈ ಪುಟದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ವಿಷಯವೇ ಇದು: ಬೇರೆ ಬೇರೆ ಅರ್ಥಿಂಗ್ ಇರುವ ಎರಡು ಕಟ್ಟಡಗಳ ನಡುವೆ ತಾಮ್ರವನ್ನು ಎಳೆಯಬೇಡಿರಿ, ಫೈಬರ್ ಎಳೆಯಿರಿ.

ಕಾರಣ ಹೀಗಿದೆ. ಮನೆಗೆ ಒಂದು ಅರ್ಥಿಂಗ್ ಗುಂಡಿ ಇರುತ್ತದೆ, ಹುಳುಮನೆಗೆ ಅಥವಾ ಪಂಪ್‌ಹೌಸಿಗೆ ಬೇರೊಂದು. ಸುತ್ತಮುತ್ತ ಎಲ್ಲಿಯೋ ತೆಂಗಿನ ಮರಕ್ಕೋ ಕಂಬಕ್ಕೋ ಸಿಡಿಲು ಬಡಿದ ಕ್ಷಣದಲ್ಲಿ ಅದರ ವಿದ್ಯುತ್ತು ನೆಲದೊಳಗೆ ಹರಡುತ್ತದೆ. ಬಡಿದ ಜಾಗಕ್ಕೆ ಹತ್ತಿರದ ಗುಂಡಿಯ ವೋಲ್ಟೇಜ್ ದೂರದ ಗುಂಡಿಯದಕ್ಕಿಂತ ಸಾವಿರಾರು ವೋಲ್ಟ್ ಮೇಲಕ್ಕೆ ಜಿಗಿಯಬಹುದು. ಆ ಎರಡನ್ನು ತಾಮ್ರದ ಎಳೆಯೊಂದು ಜೋಡಿಸಿದ್ದರೆ ಆ ವ್ಯತ್ಯಾಸವೆಲ್ಲ ಅದರ ಮೂಲಕವೇ, ಅಂದರೆ ನಿಮ್ಮ ರೂಟರಿನ ಲ್ಯಾನ್ ಪೋರ್ಟಿನ ಮೂಲಕವೇ, ಸರಿಹೋಗಲು ನೋಡುತ್ತದೆ. ನೇರವಾಗಿ ನಿಮ್ಮ ಕಟ್ಟಡಕ್ಕೇ ಸಿಡಿಲು ಬಡಿಯಬೇಕಾಗಿಲ್ಲ. ಉದ್ದನೆಯ ಕೇಬಲ್ ಬಯಲಿನಲ್ಲಿ ಆಂಟೆನಾದಂತೆ ವರ್ತಿಸಿ ಹತ್ತಿರದ ಮಿಂಚಿನಿಂದಲೇ ಹೊಡೆತವನ್ನು ಸೆಳೆದುಕೊಳ್ಳುವುದೂ ಉಂಟು.

ನಮ್ಮ ಮನೆಯಲ್ಲೇ ಇದು ನಡೆಯಿತು. ಹಿತ್ತಲಿನ ಆಚೆಯ ಹುಳುಮನೆಗೆ ಒಳ್ಳೆಯ ತಾಮ್ರದ ಕೇಬಲ್ಲನ್ನೇ ಪೈಪಿನಲ್ಲಿ ಎಳೆದಿದ್ದೆ. ಮಳೆಗಾಲ ಹೇಗೋ ಕಳೆಯಿತು. ಮರುವರ್ಷ ಭರಣಿ ಮಳೆಯ ಒಂದು ಸಂಜೆ, ನಮ್ಮಿಂದ ಎರಡು ಹೊಲದ ಆಚೆ ಸಿಡಿಲು ಬಡಿದಾಗ, ಮನೆಯ ಫೈಬರ್ ಮೋಡೆಮ್, ಹುಳುಮನೆಯ ರೂಟರ್, ಎರಡು ಕ್ಯಾಮೆರಾ, ಎಲ್ಲವೂ ಒಂದೇ ಸಲ ಹೋದವು. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಸೊಪ್ಪು ತಿನ್ನುವ ಹೊತ್ತು ಅದು. ಮಳೆಯಲ್ಲಿ ನೆನೆಯುತ್ತ ಗಂಟೆಗೊಮ್ಮೆ ಹೋಗಿ ಉಷ್ಣಮಾಪಕ ನೋಡಿ ಬರುತ್ತಿದ್ದ ಅಪ್ಪನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಭರಣಿ, ಕೃತ್ತಿಕೆ ಮಳೆಗಳಲ್ಲಿಯೂ ಮತ್ತೆ ಚಿತ್ತಾ, ಸ್ವಾತಿ ಮಳೆಗಳಲ್ಲಿಯೂ ನಮ್ಮ ಬಯಲು ಸೀಮೆಯಲ್ಲಿ ಗುಡುಗು ಸಿಡಿಲು ಹೆಚ್ಚು ಎಂಬುದು ರೈತರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಆದ್ದರಿಂದ ಒಂದು ಕಟ್ಟಡದ ಹೊಡೆತ ಅದರ ಮೂಲಕ ಇನ್ನೊಂದಕ್ಕೆ ದಾಟುವುದಿಲ್ಲ. ಆದರೆ ಕರೆಂಟಿನ ಲೈನಿನಿಂದ ಬರುವ ಹೊಡೆತವನ್ನು ಫೈಬರ್ ತಡೆಯಲಾರದು. ಗುಡುಗು ಶುರುವಾದಾಗ ಅಡಾಪ್ಟರುಗಳನ್ನು ಪ್ಲಗ್ಗಿನಿಂದ ತೆಗೆಯುವ ಅಭ್ಯಾಸವನ್ನು ಬಿಡಬೇಡಿರಿ.

ಫೈಬರ್ ಎಳೆಯಲು ಏನೇನು ಬೇಕು? ಅದು ದುಬಾರಿಯಲ್ಲವೇ?

ದುಬಾರಿ ಎಂಬುದು ಹಳೆಯ ಮಾತು. ಮನೆ ಮನೆಗೆ ಫೈಬರ್ ಬಂದ ಮೇಲೆ ಎರಡು ಎಳೆಯ ಡ್ರಾಪ್ ಕೇಬಲ್ಲಿನ (ಕಂಬದಿಂದ ಮನೆಗೆ ಇಳಿಸುವ ತೆಳು ಫೈಬರ್ ಕೇಬಲ್) ಬೆಲೆ ಮೀಟರಿಗೆ ಒಳ್ಳೆಯ ತಾಮ್ರದ ಹೊರಾಂಗಣ ಕೇಬಲ್ಲಿಗಿಂತ ಕಡಿಮೆಯೇ ಆಗಿದೆ. ಬೇಕಾಗುವ ವಸ್ತುಗಳು ಮೂರು: ಸಿಂಗಲ್ ಮೋಡ್ ಫೈಬರ್ ಕೇಬಲ್, ಎರಡು ಮೀಡಿಯಾ ಕನ್ವರ್ಟರುಗಳು, ಮತ್ತು ಎರಡು ತುದಿಗಳಲ್ಲಿ ಕನೆಕ್ಟರ್ ಜೋಡಿಸಿಕೊಡುವ ಒಬ್ಬ ಕೈಬಲ್ಲ ಕೆಲಸಗಾರ.

ಮೀಡಿಯಾ ಕನ್ವರ್ಟರ್ ಎಂಬುದು ಅಂಗೈಯಗಲದ ಪೆಟ್ಟಿಗೆ. ಒಂದು ಕಡೆ ಲ್ಯಾನ್ ಪೋರ್ಟು, ಇನ್ನೊಂದು ಕಡೆ ಫೈಬರ್ ಪೋರ್ಟು. ಒಂದೇ ಎಳೆಯಲ್ಲಿ ಹೋಗುವ ಮತ್ತು ಬರುವ ಬೆಳಕನ್ನು ಬೇರ್ಪಡಿಸಲು ಒಂದು ಪೆಟ್ಟಿಗೆ 1310 ನ್ಯಾನೋಮೀಟರಿನಲ್ಲಿ ಕಳುಹಿಸಿ 1550ರಲ್ಲಿ ಕೇಳುತ್ತದೆ, ಅದರ ಜೋಡಿ ತಿರುವುಮುರುವು. ಆದ್ದರಿಂದ ಇವನ್ನು ‘ಎ’ ಮತ್ತು ‘ಬಿ’ ಎಂದು ಜೋಡಿಯಾಗಿಯೇ ಕೊಳ್ಳಬೇಕು. ಎರಡು ‘ಎ’ಗಳು ಒಂದಕ್ಕೊಂದು ಎಂದಿಗೂ ಮಾತನಾಡುವುದಿಲ್ಲ. ಪೆಟ್ಟಿಗೆಯ ಮೇಲೆ 10/100 ಎಂದಷ್ಟೇ ಬರೆದಿದ್ದರೆ ವೇಗ 100 ಎಂಬಿಪಿಎಸ್ ದಾಟುವುದಿಲ್ಲ. ಗಿಗಾಬಿಟ್ಟಿನದನ್ನೇ ಕೇಳಿ ತೆಗೆದುಕೊಳ್ಳಿರಿ. ಸಿಂಗಲ್ ಮೋಡ್ ಫೈಬರಿನಲ್ಲಿ ಇಂಥ ಜೋಡಿ ಕಿಲೋಮೀಟರುಗಟ್ಟಲೆ ದೂರ ಕೆಲಸ ಮಾಡುವುದರಿಂದ ತೋಟದ ಯಾವ ಮೂಲೆಯೂ ಅದಕ್ಕೆ ದೂರವಲ್ಲ.

ಎಳೆಗಳನ್ನು ಬೆಸೆಯುವ ಯಂತ್ರ ಊರಿನ ಕೇಬಲ್ ಆಪರೇಟರುಗಳ ಬಳಿ ಅಥವಾ ಇಂಟರ್ನೆಟ್ ಜೋಡಿಸಲು ಬರುವ ಹುಡುಗರ ಬಳಿ ಇರುತ್ತದೆ. ಅವರಿಗೆ ಇದು ಅರ್ಧ ಗಂಟೆಯ ಕೆಲಸ. ನೀಲಿ ತಲೆಯ ಕನೆಕ್ಟರನ್ನು ಹಸಿರು ತಲೆಯದಕ್ಕೆ ಜೋಡಿಸಬಾರದು, ಅವುಗಳ ತುದಿಯ ಕೋನ ಬೇರೆ. ಮೀಡಿಯಾ ಕನ್ವರ್ಟರಿಗೆ ಸಾಮಾನ್ಯವಾಗಿ ನೀಲಿಯೇ ಬೇಕಾಗುತ್ತದೆ. ಬೇಕಾದದ್ದು ಒಂದೇ ಎಳೆಯಾದರೂ ಎರಡು ಎಳೆಯ ಕೇಬಲ್ ಎಳೆದು ಎರಡಕ್ಕೂ ಕನೆಕ್ಟರ್ ಹಾಕಿಸಿಡಿರಿ, ಒಂದು ಕೆಟ್ಟ ದಿನ ಇನ್ನೊಂದು ಕೈಹಿಡಿಯುತ್ತದೆ. ಬೆಳಕು ಹರಿಯುತ್ತಿರುವ ಫೈಬರಿನ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಬೇಡಿರಿ, ಮಕ್ಕಳಿಗೂ ಕೊಡಬೇಡಿರಿ. ಆ ಬೆಳಕು ಕಣ್ಣಿಗೆ ಕಾಣದಿದ್ದರೂ ಇರುತ್ತದೆ.

ನೆಲದಲ್ಲಿ ಹೂಳುವುದು ಹೇಗೆ?

ಕೇಬಲ್ಲನ್ನು ಬರಿದಾಗಿ ಹೂಳಬೇಡಿರಿ. ಹೆಗ್ಗಣಗಳು ಒಂದು ಬೆಳೆಯ ಅವಧಿಯನ್ನೂ ಕಾಯುವುದಿಲ್ಲ. ಎಚ್‌ಡಿಪಿಇ ಪೈಪಿನೊಳಗೆ ಹಾಕಿ ಎರಡು ಅಡಿ ಆಳದಲ್ಲಿ ಹೂಳಿರಿ. ಟ್ರ್ಯಾಕ್ಟರ್ ಅಥವಾ ಕಬ್ಬಿನ ಲಾರಿ ಹಾಯುವ ಜಾಗದಲ್ಲಿ ಇನ್ನೂ ಆಳಕ್ಕೆ ಇಳಿಸಿ, ಆ ತುಂಡಿಗೆ ಕಬ್ಬಿಣದ ಪೈಪಿನ ತೋಳು ತೊಡಿಸಿರಿ. ಹನಿ ನೀರಾವರಿಯ ಮೇನ್ ಲೈನಿಗೆಂದು ಜೆಸಿಬಿ ಬಂದಿದ್ದರೆ ಅದೇ ಕಾಲುವೆಯಲ್ಲಿ ಈ ಪೈಪನ್ನೂ ಮಲಗಿಸುವುದು ಜಾಣತನ. ಅಗೆತದ ಖರ್ಚೇ ಉಳಿದೆಲ್ಲ ಖರ್ಚಿಗಿಂತ ಹೆಚ್ಚು. ಕರೆಂಟಿನ ಕೇಬಲ್ಲಿನಿಂದ ಒಂದಡಿಯಾದರೂ ದೂರವಿರಲಿ. ಫೈಬರಿಗೆ ವಿದ್ಯುತ್ತಿನಿಂದ ತೊಂದರೆಯಿಲ್ಲ, ಮುಂದೊಂದು ದಿನ ಅಗೆಯುವವನಿಗೆ ಇದೆ.

ನಾಲೆಯ ನೀರಿನ ಗದ್ದೆ ಬಯಲಿನಲ್ಲಿ ಪೈಪಿನೊಳಗೆ ನೀರು ಸೇರಿಯೇ ಸೇರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ; ಆದರೆ ಕೇಬಲ್ಲಿನ ಜೋಡಣೆ ನೆಲದೊಳಗೆ ಇರಬಾರದು. ಇಡೀ ದೂರಕ್ಕೆ ಒಂದೇ ತುಂಡು ಎಳೆಯಿರಿ. ಪೈಪಿನೊಳಗೆ ಕೇಬಲ್ಲಿನ ಜೊತೆ ಒಂದು ನೈಲಾನ್ ಹಗ್ಗವನ್ನೂ ಬಿಡಿರಿ, ಮುಂದೆ ಇನ್ನೊಂದು ಕೇಬಲ್ ಎಳೆಯಲು ಬೇಕಾಗುತ್ತದೆ. ಹೂಳಿದ ದಾರಿಯನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದನ್ನು ಮರೆಯಬೇಡಿರಿ. ಎರಡು ವರ್ಷದ ಮೇಲೆ ಬದುವಿನ ಯಾವ ಬದಿಯೆಂಬುದು ಯಾರಿಗೂ ನೆನಪಿರುವುದಿಲ್ಲ.

ಕಂಬದಿಂದ ಕಂಬಕ್ಕೆ ಮೇಲೆಯೇ ಎಳೆಯಬಹುದೇ?

ನಿಮ್ಮದೇ ಕಂಬಗಳಾದರೆ ಎಳೆಯಬಹುದು. ವಿದ್ಯುತ್ ಕಂಪನಿಯ (ಚೆಸ್ಕಾಂ) ಕಂಬಗಳಿಗೆ ಕಟ್ಟಬೇಡಿರಿ. ಅದು ಅನುಮತಿಯಿಲ್ಲದ ಕೆಲಸ ಮಾತ್ರವಲ್ಲ, ಪ್ರಾಣಕ್ಕೆ ಅಪಾಯ. ತೆಂಗಿನ ಮರಕ್ಕೆ ಕಟ್ಟಿದರೆ ಗಾಳಿಗೆ ಮರ ತೂಗಿದಂತೆಲ್ಲ ಕೇಬಲ್ ಜಗ್ಗುತ್ತದೆ, ಬೀಳುವ ಗರಿಯ ಭಾರವೂ ಅದರ ಮೇಲೆಯೇ. ಮೇಲೆ ಎಳೆಯುವ ಡ್ರಾಪ್ ಕೇಬಲ್ಲಿಗೆ ಭಾರ ಹೊರಲು ಉಕ್ಕಿನ ತಂತಿಯೊಂದು ಅಂಟಿಕೊಂಡಿರುತ್ತದೆ. ಅದನ್ನು ಗೋಡೆಯ ಹೊರಗಿನ ಕೊಕ್ಕೆಯಲ್ಲೇ ಕತ್ತರಿಸಿ ನಿಲ್ಲಿಸಬೇಕು. ಉಪಕರಣದವರೆಗೆ ಒಯ್ದರೆ ತಾಮ್ರದ ದೋಷವೇ ಮರಳಿ ಬಂದಂತೆ. ಒಳಗಿನ ಬಲದ ಎಳೆಗಳೂ ಉಕ್ಕಿನದಲ್ಲದೆ ನಾರಿನವಾಗಿರುವ, ಅಂದರೆ ಎಫ್‌ಆರ್‌ಪಿ, ಕೇಬಲ್ ಸಿಗುತ್ತದೆ, ಅದನ್ನೇ ಆರಿಸಿಕೊಳ್ಳಿರಿ.

ನಡುವೆ ಬೇರೆಯವರ ಜಮೀನು ಅಥವಾ ನಾಲೆ ಇದೆ. ಅಗೆಯಲು ಸಾಧ್ಯವಿಲ್ಲ. ಆಗ ಏನು ಮಾಡಬೇಕು?

ಆಗ ನಿಸ್ತಂತು ಸೇತುವೆ ಸರಿಯಾದ ದಾರಿ. ಮನೆಯ ತಾರಸಿಯ ಮೇಲೊಂದು, ತೋಟದ ಮನೆಯ ಮೇಲೊಂದು, ಒಂದನ್ನೊಂದು ನೇರ ನೋಡುವ ದಿಕ್ಕು ಆಂಟೆನಾಗಳ ಜೋಡಿ ಇದು. ರಿಪೀಟರಿಗೂ ಇದಕ್ಕೂ ಬಹಳ ಅಂತರವಿದೆ. ರಿಪೀಟರ್ ಸುತ್ತಲೂ ಕೂಗುತ್ತದೆ, ಇದು ಒಂದೇ ದಿಕ್ಕಿಗೆ ಮಾತನಾಡುತ್ತದೆ. ಹಾಗಾಗಿ ಒಂದು ಕಿಲೋಮೀಟರ್ ದೂರವೂ ಇದಕ್ಕೆ ಕಷ್ಟವಲ್ಲ. ಇಂಥ ಉಪಕರಣಗಳು ಬಳಸುವ 5 ಗಿಗಾಹರ್ಟ್ಸ್ ತರಂಗಾಂತರಗಳ ಹೆಚ್ಚಿನ ಭಾಗವನ್ನು ಕೇಂದ್ರ ಸರ್ಕಾರ 2018ರಲ್ಲಿ ಹೊರಾಂಗಣಕ್ಕೂ ಸೇರಿಸಿ ಪರವಾನಗಿಯಿಂದ ಮುಕ್ತಗೊಳಿಸಿದೆ. ಉಪಕರಣ ಮಾತ್ರ ಭಾರತದಲ್ಲಿ ಅನುಮೋದನೆ ಪಡೆದದ್ದಾಗಿರಬೇಕು, ಶಕ್ತಿಯ ಮಿತಿಯನ್ನು ಮೀರಬಾರದು. ಸೆಟ್ಟಿಂಗಿನಲ್ಲಿ ದೇಶವನ್ನು ಭಾರತ ಎಂದೇ ಆರಿಸಿರಿ.

ಒಂದೇ ಷರತ್ತು, ಒಂದರಿಂದ ಇನ್ನೊಂದು ಕಣ್ಣಿಗೆ ನೇರವಾಗಿ ಕಾಣಬೇಕು. ಕಂಡರೂ ಸಾಲದು. ಅಲೆಗಳು ದಾರದಂತೆ ಸಾಗುವುದಿಲ್ಲ, ನಡುವೆ ಉಬ್ಬಿದ ಕದಿರಿನಂತೆ ಸಾಗುತ್ತವೆ. 5.8 ಗಿಗಾಹರ್ಟ್ಸಿನಲ್ಲಿ 300 ಮೀಟರ್ ದೂರಕ್ಕೆ ಆ ಉಬ್ಬಿನ ತ್ರಿಜ್ಯ ನಡುಮಧ್ಯದಲ್ಲಿ ಸುಮಾರು 2 ಮೀಟರ್, 500 ಮೀಟರಿಗೆ ಎರಡೂವರೆ. ಅದರಲ್ಲಿ ಕನಿಷ್ಠ ಶೇಕಡಾ 60ರಷ್ಟು ಭಾಗ ಮರ ಗಿಡಗಳಿಂದ ಮುಕ್ತವಾಗಿರಬೇಕು.

ಹಾಕಿಸಿದಾಗ ಚೆನ್ನಾಗಿತ್ತು, ಆರೇಳು ತಿಂಗಳ ಮೇಲೆ ನಿಂತುಹೋಯಿತು. ಉಪಕರಣ ಕೆಟ್ಟಿದೆಯೇ?

ನಡುವೆ ಕಬ್ಬು ಇದೆಯೇ ನೋಡಿರಿ. ಮಂಡ್ಯದಲ್ಲಿ ಈ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಇದೇ ಆಗಿರುತ್ತದೆ. ಕಟಾವು ಮುಗಿದು ಕೂಳೆ ಚಿಗುರುವಾಗ ಬಯಲು ಬೋಳಾಗಿರುತ್ತದೆ, ತೋಟದ ಮನೆಯ ಗೋಡೆ ಮನೆಯ ಜಗಲಿಗೇ ಕಾಣುತ್ತದೆ. ಆಗ ಆಂಟೆನಾವನ್ನು ಎಂಟಡಿ ಎತ್ತರಕ್ಕೆ ಕಟ್ಟಿದರೂ ಸಂಪರ್ಕ ಸಿಗುತ್ತದೆ. ಬೆಳೆದ ಕಬ್ಬು ಹತ್ತು ಹನ್ನೆರಡು ಅಡಿ ನಿಲ್ಲುತ್ತದೆ. ಹಸಿರೆಲೆಯಲ್ಲಿ ನೀರಿದೆ, ನೀರು ಈ ಅಲೆಗಳನ್ನು ನುಂಗುತ್ತದೆ, ಮಳೆ ಬಂದು ಎಲೆ ತೊಯ್ದರೆ ಇನ್ನೂ ಹೆಚ್ಚು. ಆದ್ದರಿಂದ ಇಂದಿನ ಹೊಲವನ್ನು ನೋಡಿ ಎತ್ತರ ನಿರ್ಧರಿಸಬೇಡಿರಿ. ನಡುವಿನ ಜಮೀನಿನಲ್ಲಿ ಕಬ್ಬು ಬೆಳೆದು ನಿಂತಿದೆಯೆಂದೇ ಭಾವಿಸಿ, ಅದರ ತುದಿಯಿಂದ ಐದಾರು ಅಡಿ ಮೇಲೆ, ಅಂದರೆ ನೆಲದಿಂದ ಸುಮಾರು ಹದಿನೆಂಟು ಅಡಿ ಎತ್ತರದಲ್ಲಿ ಎರಡೂ ತುದಿಗಳನ್ನು ನಿಲ್ಲಿಸಿರಿ. ತೆಂಗಿನ ತೋಟ ಅಡ್ಡವಿದ್ದರೆ ಎತ್ತರಿಸಿ ಗೆಲ್ಲಲಾಗದು, ಸಾಲುಗಳ ನಡುವೆ ದಾರಿ ಹುಡುಕಬೇಕು. ಗಾಳಿಗೆ ಗರಿ ಅಡ್ಡ ಬಂದು ಹೋಗುವ ಜಾಗವಾದರೆ ಬೇಡ.

ಆಂಟೆನಾ ಕಟ್ಟಿದ ಕಬ್ಬಿಣದ ಪೈಪನ್ನು ಆ ಕಟ್ಟಡದ ಅರ್ಥಿಂಗಿಗೆ ಜೋಡಿಸಿರಿ. ಅದು ತಾರಸಿಯ ಅತಿ ಎತ್ತರದ ವಸ್ತುವೂ ಆಗಿರಬಾರದು.

ಕರೆಂಟಿನ ವೈರಿನಲ್ಲೇ ಇಂಟರ್ನೆಟ್ ಕಳುಹಿಸುವ ಅಡಾಪ್ಟರ್ ಇದೆಯಂತಲ್ಲ?

ಇದೆ. ಎರಡೂ ಕಟ್ಟಡ ಒಂದೇ ಮೀಟರಿನಿಂದ, ಒಂದೇ ಫೇಸಿನಿಂದ ವಿದ್ಯುತ್ ಪಡೆಯುತ್ತಿದ್ದರೆ ಮಾತ್ರ ಅದನ್ನು ನಂಬಬಹುದು. ಹುಳುಮನೆಗೆ ಅಥವಾ ಪಂಪ್‌ಸೆಟ್ಟಿಗೆ ಬೇರೆ ಆರ್‌ಆರ್ ನಂಬರ್, ಅಂದರೆ ಬೇರೆಯದೇ ವಿದ್ಯುತ್ ಸಂಪರ್ಕ, ಇದ್ದರೆ ಕೆಲಸ ಮಾಡುತ್ತದೆಂದು ನಂಬಿ ಹಣ ಹಾಕಬೇಡಿರಿ.

ತೋಟದಲ್ಲಿ ಕರೆಂಟೇ ಇರುವುದಿಲ್ಲವಲ್ಲ?

ನಿರಂತರ ಜ್ಯೋತಿ ಯೋಜನೆಯಡಿ ಊರಿನ ಫೀಡರನ್ನೂ ಪಂಪ್‌ಸೆಟ್ಟುಗಳ ಫೀಡರನ್ನೂ ಬೇರ್ಪಡಿಸಿದ ಮೇಲೆ ತೋಟದಲ್ಲಿ ತ್ರೀ ಫೇಸ್ ವಿದ್ಯುತ್ ದಿನಕ್ಕೆ ಏಳು ಗಂಟೆ ಎಂಬ ಲೆಕ್ಕಕ್ಕೆ ಸೀಮಿತವಾಗಿದೆ. ಮನೆಯಲ್ಲಿ ಇಂಟರ್ನೆಟ್ ಇದ್ದು ತೋಟದ ತುದಿ ಸತ್ತಿದ್ದರೆ ಕ್ಯಾಮೆರಾ ಹಾಕಿಯೂ ಫಲವಿಲ್ಲ, ಕಳ್ಳತನ ನಡೆಯುವುದು ಕರೆಂಟಿಲ್ಲದ ರಾತ್ರಿಯಲ್ಲೇ.

ಮೀಡಿಯಾ ಕನ್ವರ್ಟರ್, ಸಣ್ಣ ರೂಟರ್, ಒಂದು ಕ್ಯಾಮೆರಾ ಸೇರಿ ಸುಮಾರು 15 ವ್ಯಾಟ್ ಎಳೆಯುತ್ತವೆ. ದಿನಕ್ಕೆ 360 ವ್ಯಾಟ್-ಗಂಟೆ. ಅಂಗಡಿಯಲ್ಲಿ ಸಿಗುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದೇ 84, ಅದು ಇಡೀ ರಾತ್ರಿಗೆ ಬರುವುದಿಲ್ಲ. ಸೌರ ಫಲಕದಿಂದ ನಡೆಸುವುದಾದರೆ ಬೇಸಿಗೆಯಲ್ಲಿ 100 ವ್ಯಾಟಿನ ಫಲಕ ಸಾಕೆನಿಸುತ್ತದೆ, ಆಷಾಢ ಶ್ರಾವಣದ ಮೋಡದಲ್ಲಿ ಸಾಲದು. 200 ವ್ಯಾಟಿನದನ್ನು ಹಾಕಿ, ಒಂದು ದಿನವನ್ನಾದರೂ ತಡೆಯುವ ಬ್ಯಾಟರಿ ಇಡಿರಿ. ಈ ಉಪಕರಣಗಳಲ್ಲಿ ಬಹುಪಾಲು 12 ವೋಲ್ಟಿನವೇ ಆದ್ದರಿಂದ ಇನ್ವರ್ಟರ್ ಬೇಕಾಗಿಲ್ಲ. ಆದರೆ ಅಡಾಪ್ಟರಿನ ಮೇಲೆ 5 ಅಥವಾ 9 ಎಂದಿರುವುದನ್ನು 12ಕ್ಕೆ ಜೋಡಿಸಿ ಸುಟ್ಟುಕೊಳ್ಳಬೇಡಿರಿ.

ಆ ತುದಿಯಲ್ಲಿ ಹಳೆಯ ರೂಟರನ್ನೇ ಬಳಸಬಹುದೇ?

ಧಾರಾಳವಾಗಿ ಬಳಸಬಹುದು. ಆಕ್ಸೆಸ್ ಪಾಯಿಂಟ್ ಮೋಡಿಗೆ, ಅಂದರೆ ಬಂದ ಸಂಪರ್ಕವನ್ನು ವೈ-ಫೈಯಾಗಿ ಹಂಚುವುದಷ್ಟೇ ಕೆಲಸವಾಗುವಂತೆ, ಬದಲಿಸಿರಿ. ಆ ಆಯ್ಕೆ ಇಲ್ಲದಿದ್ದರೆ ಉಪಕರಣಗಳಿಗೆ ವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಅದರ ವಿಳಾಸವನ್ನು ಮನೆಯ ಮೋಡೆಮ್ಮಿಗಿಂತ ಬೇರೆಯಾಗಿಸಿ, ಬಂದ ಕೇಬಲ್ಲನ್ನು ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿರಿ. ಹಾಗೆ ಮಾಡದಿದ್ದರೆ ಮನೆಯ ಫೋನಿನಿಂದ ಹುಳುಮನೆಯ ಕ್ಯಾಮೆರಾ ಕಾಣದೆ ತಲೆಕೆಡಿಸಿಕೊಳ್ಳಬೇಕಾಗುತ್ತದೆ.

ಹುಳುಮನೆಯೊಳಗೆ ಉಪಕರಣಗಳನ್ನು ಎಲ್ಲಿ ಇಡಬೇಕು?

ಸಾಧ್ಯವಾದರೆ ಒಳಗೆ ಇಡಲೇಬೇಡಿರಿ. ಬೆಳೆಯಿಂದ ಬೆಳೆಗೆ ಮನೆಯನ್ನು ಬ್ಲೀಚಿಂಗ್ ಪುಡಿ ಮತ್ತು ಸುಣ್ಣದ ದ್ರಾವಣದಿಂದ ತೊಳೆದು ಸೋಂಕು ಕಳೆಯುತ್ತೇವೆ. ಅದರ ಕ್ಲೋರಿನ್ ಹುಳುವಿನ ರೋಗಾಣುಗಳನ್ನು ಕೊಲ್ಲುವ ಹಾಗೆಯೇ ಲ್ಯಾನ್ ಪೋರ್ಟಿನ ತೆಳ್ಳನೆಯ ಲೋಹದ ಹಲ್ಲುಗಳನ್ನೂ ತಿನ್ನುತ್ತದೆ. ಚಾಕಿ ಹಂತದಲ್ಲಿ, ಅಂದರೆ ಹುಳು ಇನ್ನೂ ಮರಿಯಾಗಿರುವಾಗ, ಶೇಕಡಾ 85ರಿಂದ 90ರಷ್ಟು ತೇವಾಂಶವನ್ನೂ ನಾವೇ ಬಯಸಿ ಇಟ್ಟುಕೊಳ್ಳುತ್ತೇವೆ. ಮೀಡಿಯಾ ಕನ್ವರ್ಟರನ್ನೂ ರೂಟರನ್ನೂ ಹೊರಗಿನ ಸೊಪ್ಪಿನ ಕೋಣೆಯಲ್ಲಿ ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು, ಒಳಗೆ ಉಷ್ಣತೆ ಮತ್ತು ತೇವಾಂಶದ ಸೆನ್ಸರನ್ನು ಮಾತ್ರ ಬಿಡಿರಿ, ಸೋಂಕುನಿವಾರಣೆಯ ದಿನ ಅದನ್ನೂ ಕಳಚಿ ತನ್ನಿರಿ. ಆಲೆಮನೆಯಲ್ಲಿ ಆವಿ ಮತ್ತು ಮಸಿಯ ತೊಂದರೆ ಇದೆ. ಅಲ್ಲಿಯೂ ಕೊಪ್ಪರಿಗೆಯಿಂದ ದೂರದ ಗೋಡೆಯೇ ಸರಿ.

ಒಂದೇ ಒಂದು ಕ್ಯಾಮೆರಾಕ್ಕಾಗಿ ಇಷ್ಟೆಲ್ಲ ಬೇಕೇ?

ಬೇಡ. ಫೋನಿಗೆ ಒಳ್ಳೆಯ ಸಿಗ್ನಲ್ ಇರುವ ಜಾಗವಾದರೆ ಸಿಮ್ ಹಾಕುವ 4ಜಿ ಕ್ಯಾಮೆರಾ ಸಾಕು, ಅಗೆತವೂ ಇಲ್ಲ, ಕಂಬವೂ ಇಲ್ಲ. ಎರಡು ಮೂರು ಕ್ಯಾಮೆರಾ, ಸೆನ್ಸರುಗಳು, ಅಲ್ಲಿಯೇ ಕುಳಿತು ಓದುವ ಮಕ್ಕಳು, ಇಷ್ಟಾದಾಗ ಮಾತ್ರ ಮನೆಯ ಸಂಪರ್ಕವನ್ನು ಒಯ್ಯುವುದು ಲಾಭ. ಕ್ಯಾಮೆರಾಗಳು ಒಂದೊಂದೂ 2ರಿಂದ 4 ಎಂಬಿಪಿಎಸ್ ಅಪ್‌ಲೋಡ್ ಬಳಸುತ್ತವೆ. ನಿಮ್ಮ ಪ್ಲಾನಿನ ಅಪ್‌ಲೋಡ್ ವೇಗ ಎಷ್ಟೆಂದು ಮೊದಲು ನೋಡಿಕೊಳ್ಳಿರಿ.

ಹಾದಿಯಲ್ಲಿರುವ ಚಿಕ್ಕಪ್ಪನ ಮನೆಗೂ ಒಂದು ಎಳೆ ಕೊಡಬಹುದೇ?

ಮನಸ್ಸು ಒಪ್ಪಿದರೂ ಕೊಡಬೇಡಿರಿ. ಸಾಮಾನ್ಯವಾಗಿ ಗ್ರಾಹಕ ಒಪ್ಪಂದಗಳು ಸಂಪರ್ಕವನ್ನು ಆ ಮನೆಯ ಆವರಣಕ್ಕೆ ಮಾತ್ರ ಕೊಡುತ್ತವೆ, ಮತ್ತು ಆ ಸಂಪರ್ಕದಲ್ಲಿ ಯಾರೇ ಏನು ಮಾಡಿದರೂ ಮೊದಲು ವಿಚಾರಿಸುವುದು ಯಾರ ಹೆಸರಿನಲ್ಲಿ ಅದು ಇದೆಯೋ ಅವರನ್ನು. ನಿಮ್ಮ ತೋಟದ ಮನೆ ಬೇರೆ ಸರ್ವೆ ನಂಬರಿನಲ್ಲಿದ್ದರೆ ಕೂಡ ಒಮ್ಮೆ ಕಂಪನಿಯವರನ್ನು ಕೇಳಿಕೊಳ್ಳುವುದು ಒಳ್ಳೆಯದು. ಊರ ರಸ್ತೆಯನ್ನು ಅಗೆದು ದಾಟಬೇಕಾದರೆ ಗ್ರಾಮ ಪಂಚಾಯಿತಿಯ ಅನುಮತಿ ಪಡೆಯಿರಿ.

ಸಂಪರ್ಕ ನಿಂತರೆ ಮೊದಲು ಎಲ್ಲಿ ನೋಡಬೇಕು?

ಮನೆಯಲ್ಲಿ ಇಂಟರ್ನೆಟ್ ಇದೆಯೇ ನೋಡಿರಿ. ಇದ್ದರೆ ಮನೆಯ ತುದಿಯ ಮೀಡಿಯಾ ಕನ್ವರ್ಟರಿನ ಫೈಬರ್ ದೀಪ ನೋಡಿರಿ. ಅದು ಉರಿಯುತ್ತಿದ್ದರೆ ಗಾಜಿನ ಎಳೆಯೂ ಆಚೆಯ ಪೆಟ್ಟಿಗೆಯೂ ಜೀವಂತವಾಗಿವೆ, ದೋಷ ಅಲ್ಲಿನ ರೂಟರಿನಲ್ಲಿ. ಆರಿದ್ದರೆ ಎಳೆ ತುಂಡಾಯಿತೆಂದು ಗಾಬರಿಯಾಗಿ ಅಗೆಯಲು ಹೊರಡಬೇಡಿರಿ. ಹೆಚ್ಚಿನ ಸಲ ಅಲ್ಲಿ ಕರೆಂಟು ಹೋಗಿರುತ್ತದೆ ಅಥವಾ ಅಡಾಪ್ಟರ್ ಸುಟ್ಟಿರುತ್ತದೆ. ಅದೂ ಸರಿಯಿದ್ದರೆ ಎರಡನೆಯ ಎಳೆಗೆ ಬದಲಿಸಿರಿ. ಅದೂ ಉರಿಯದಿದ್ದಾಗ, ಇತ್ತೀಚೆಗೆ ಆ ದಾರಿಯಲ್ಲಿ ಯಾರು ಗುದ್ದಲಿ ಹಾಕಿದರು, ಯಾರು ಬದು ಸರಿಮಾಡಿದರು ಎಂದು ಮನೆಯವರನ್ನು ಕೇಳಿ, ತೆಗೆದಿಟ್ಟ ಚಿತ್ರಗಳನ್ನು ನೋಡಿ, ಆ ಜಾಗದಿಂದಲೇ ಅಗೆಯಲು ಆರಂಭಿಸಿರಿ.